ದೋಣಿಯ ದಾರಿ ನುಂಗಿದ ದಡ

ಶ್ರೀನಗರದ ಹಳೇ ಪೇಟೆಯ ನಾಲಾ ಮಾರ್ ರಸ್ತೆ ಸದಾ ಗಿಜಿಗುಡುವ ಜಾಗ. ಆಟೊ, ಮಿನಿಬಸ್ಸು, ತಳ್ಳುಗಾಡಿಗಳ ಸಂದಣಿ, ಎರಡೂ ಬದಿಗೆ ಅಂಗಡಿಗಳ ಸಾಲು. ಬೊಹ್ರಿ ಕದಲ್, ರಾಜೌರಿ ಕದಲ್ ಎಂದು ಸೇತುವೆಗಳ ಹೆಸರು ಹೊತ್ತ ಬಡಾವಣೆಗಳು ಇಲ್ಲಿವೆ. ಆದರೆ ಆ ಸೇತುವೆಗಳ ಕೆಳಗೆ ಹರಿಯುತ್ತಿದ್ದ ಕಾಲುವೆ ಈಗಿಲ್ಲ. 15ನೇ ಶತಮಾನದಲ್ಲಿ ಸುಲ್ತಾನ ಜೈನುಲ್ ಆಬಿದೀನನ ಕಾಲದಲ್ಲಿ ರೂಪುಗೊಂಡ ಮಾರ್ ಕಾಲುವೆ, ದಾಲ್ ಸರೋವರದ ನೀರನ್ನು ಊರಿನ ನಡುವೆ ಹಾಯಿಸಿ ಖುಶಾಲ್ ಸರ್ ಮತ್ತು ಆಂಚಾರ್ ಕೆರೆಗಳ ಕಡೆಗೆ ಒಯ್ಯುತ್ತಿತ್ತು. ದಾಲ್‌ನಲ್ಲಿ ಬೆಳೆದ ತರಕಾರಿ ದೋಣಿಯಲ್ಲೇ ಪೇಟೆಯ ಮನೆ ಬಾಗಿಲಿಗೆ ಬರುತ್ತಿತ್ತು. ಝೇಲಂ ನದಿಯನ್ನು ಸುತ್ತಿ ಬಳಸದೆ ಸಿಂಧ್ ಕಣಿವೆಯ ಕಡೆಗೆ ಹೋಗುವವರಿಗೂ ಇದೇ ಹತ್ತಿರದ ದಾರಿ. 1970ರ ದಶಕದಲ್ಲಿ ಇದಕ್ಕೆ ಮಣ್ಣು ತುಂಬಿ ರಸ್ತೆ ಮಾಡಿದರು.

ಒತ್ತುವರಿ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಬೇಲಿ ಸರಿಸಿದ ಯಾರೋ ಒಬ್ಬ ಮನೆಮಾಲೀಕ. ಶ್ರೀನಗರದಲ್ಲಿ ಅತಿ ದೊಡ್ಡ ಒತ್ತುವರಿ ಮಾಡಿದ್ದು ಸರ್ಕಾರವೇ ಎಂಬುದನ್ನು ಮೊದಲು ಹೇಳಿಬಿಡಬೇಕು. ಆಳುವವರೇ ಒಂದು ಇಡೀ ಕಾಲುವೆಯನ್ನು ಮುಚ್ಚಿದ ಮೇಲೆ, ಉಳಿದ ಕಾಲುವೆಗಳ ಅಂಚಿನವರು ಎರಡು ಅಡಿ ಮುಂದೆ ಬರಲು ಯಾಕೆ ಅಂಜುತ್ತಾರೆ? ಮಾರ್ ಮುಚ್ಚಿದ್ದರ ಪೆಟ್ಟು ದಾಲ್‌ಗೂ ಬಿತ್ತು. ಸರೋವರದಿಂದ ನೀರು ಹೊರಹೋಗುವ ಒಂದು ಬಾಯಿ ಕಟ್ಟಿಕೊಂಡಿತು; ದಾಲ್‌ನ ಮಗ್ಗುಲಿನ ಬ್ರಾರಿ ನಂಬಲ್ ಕೊಳದಲ್ಲಿ ನೀರು ನಿಂತು ನಾರತೊಡಗಿತು.

ಉಳಿದಿರುವ ಕಾಲುವೆಗಳಲ್ಲಿ ಮುಖ್ಯವಾದವು ಎರಡು. ದಾಲ್‌ಗೇಟ್‌ನಿಂದ ಹೊರಟು ಝೇಲಂ ಸೇರುವ ಚುಂಟ್ ಕೋಲ್ ಒಂದು. ನದಿಯ ಎಡದಂಡೆಯಲ್ಲಿ ಹಳೇ ಅರಮನೆ ಶೇರ್‌ಗಢಿಯ ಬಳಿ ಕವಲೊಡೆದು, ಊರು ಸುತ್ತಿ ಮತ್ತೆ ನದಿಗೇ ಕೂಡುವ ಕುಟ್ಟೆ ಕೋಲ್ ಇನ್ನೊಂದು. ದಾಲ್‌ಗೇಟ್‌ನ ಬಾಗಿಲುಗಳು ದೋಣಿಗಳನ್ನು ಸರೋವರದಿಂದ ಕಾಲುವೆಗೆ ದಾಟಿಸುವುದಕ್ಕಷ್ಟೇ ಇರುವುದಲ್ಲ. ಝೇಲಂ ಉಕ್ಕಿದಾಗ ನದಿಯ ನೀರು ದಾಲ್‌ಗೆ ನುಗ್ಗದಂತೆ ತಡೆಯುವುದೂ ಅವೇ. ಹಿಂದಿನವರಿಗೆ ದೋಣಿಯ ದಾರಿಯ ಬಗ್ಗೆ ಎಷ್ಟು ಕಾಳಜಿಯಿತ್ತೆಂದರೆ, ಚಳಿಗಾಲದಲ್ಲಿ ಝೇಲಂ ಇಳಿದಾಗಲೂ ಪೇಟೆಯೊಳಗೆ ದೋಣಿ ತೇಲುವಷ್ಟು ನೀರು ನಿಲ್ಲಲೆಂದು 20ನೇ ಶತಮಾನದ ಆರಂಭದಲ್ಲಿ ಛತ್ತಬಲ್ ಎಂಬಲ್ಲಿ ಅಡ್ಡಗಟ್ಟೆ ಕಟ್ಟಿದರು.

   

ಕಾಲುವೆಗಳ ನಿಜವಾದ ಒಡೆಯರು ಹಾಂಜಿಗಳು. ತಲೆಮಾರುಗಳಿಂದ ದೋಣಿಯನ್ನೇ ಮನೆ ಮಾಡಿಕೊಂಡ ಸಮುದಾಯವಿದು. ಪ್ರವಾಸಿಗರು ಬಲ್ಲ ಶಿಕಾರಾ ಅವರ ದೋಣಿಗಳಲ್ಲಿ ಚಿಕ್ಕದು. ಕಾಳು, ಕಲ್ಲು, ಮರ ಹೊರುತ್ತಿದ್ದ ಬಹತ್ ದೊಡ್ಡದು. ಇವೆರಡರ ನಡುವೆ ಬರುವುದೇ ಡೂಂಗಾ. ಐವತ್ತು ಅರವತ್ತು ಅಡಿ ಉದ್ದ, ಆರೇಳು ಅಡಿ ಅಗಲ, ಚಪ್ಪಟೆ ತಳ, ಎರಡೂ ತುದಿ ಚೂಪು, ಮೇಲೆ ಇಳಿಜಾರಿನ ಮಾಡು, ಬದಿಗೆ ಚಾಪೆಯ ಗೋಡೆ. ಹಿಂಬದಿಯಲ್ಲಿ ಒಲೆ, ಸಂಸಾರ. ಮುಂಬದಿಯಲ್ಲಿ ಬಾಡಿಗೆಯ ಪ್ರಯಾಣಿಕರು. ಹೊರಗಿನವರಿಗೆ ಜಮೀನು ಕೊಳ್ಳಲು ಡೋಗ್ರಾ ಅರಸರು ಬಿಡದಿದ್ದಾಗ, ಬೇಸಿಗೆ ಕಳೆಯಲು ಬಂದ ಬ್ರಿಟಿಷರು 19ನೇ ಶತಮಾನದ ಕೊನೆಯಲ್ಲಿ ನೀರಿನ ಮೇಲೇ ಮನೆ ಮಾಡಿದರು. ಕೆತ್ತನೆಯ ದೇವದಾರು ಹೌಸ್‌ಬೋಟ್ ಹುಟ್ಟಿದ್ದು ಹಾಗೆ. ಚುಂಟ್ ಕೋಲ್ ದಡದ ಚಿನಾರ್ ಬಾಗ್ ಆಗ ಮದುವೆಯಾಗದ ಸಾಹೇಬರ ಬಿಡಾರಕ್ಕೆಂದೇ ಇದ್ದ ತೋಪು.

ದಡ ನೀರಿಗೆ ಇಳಿಯುವ ಬಗೆಯನ್ನು ದಾಲ್‌ನೊಳಗೆ ಹತ್ತಿರದಿಂದ ನೋಡಬಹುದು. ಇಲ್ಲಿ ಎರಡು ಬಗೆಯ ತೋಟಗಳಿವೆ. ಜೊಂಡನ್ನು ಚಾಪೆಯಂತೆ ಹೆಣೆದು, ಮೇಲೆ ಕಳೆ-ಕೆಸರು ಹರಡಿ, ಸೌತೆ, ಟೊಮೆಟೊ ಬೆಳೆಯುವ ರಾಧ್ ತೇಲುವ ತೋಟ. ಅದನ್ನು ಬಿಚ್ಚಿ ಎಳೆದೊಯ್ಯಬಹುದು. ರಾತ್ರೋರಾತ್ರಿ ಇಂಥ ತೋಟಗಳೇ ಕಳುವಾಗುತ್ತಿದ್ದುದನ್ನು ಕಂದಾಯ ಅಧಿಕಾರಿ ವಾಲ್ಟರ್ ಲಾರೆನ್ಸ್ 1895ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಇನ್ನೊಂದು ಡೆಂಬ್. ಸರೋವರದ ತಳದಿಂದ ಕೆಸರು, ಪಾಚಿ ಬಾಚಿ ರಾಶಿ ಹಾಕಿ ಎತ್ತರಿಸಿದ ನೆಲ. ಅದರ ಅಂಚಿಗೆ ವಿಲೋ ಕೊಂಬೆ ನೆಡುತ್ತಾರೆ. ಬೇರು ಕೆಸರನ್ನು ಹಿಡಿದುಕೊಳ್ಳುತ್ತದೆ. ವರ್ಷ ವರ್ಷ ಇನ್ನಷ್ಟು ಕೆಸರು ಬೀಳುತ್ತದೆ, ಗಿಡ ಮರವಾಗುತ್ತದೆ, ಮರದ ಹಿಂದೆ ಕಲ್ಲಿನ ಗೋಡೆ ಏಳುತ್ತದೆ, ಗೋಡೆಯ ಹಿಂದೆ ಮನೆ. ಎರಡು ಡೆಂಬ್‌ಗಳ ನಡುವಿನ ಕಾಲುವೆ ಮೊದಲು ಡೂಂಗಾಕ್ಕೆ ಸಾಲದಾಗುತ್ತದೆ, ಆಮೇಲೆ ಶಿಕಾರಾಕ್ಕೆ. ಯಾರೂ ಒಂದೇ ದಿನದಲ್ಲಿ ಏನನ್ನೂ ಕಬಳಿಸಿರುವುದಿಲ್ಲ. ಅದಕ್ಕೇ ಇದನ್ನು ತಡೆಯುವುದು ಕಷ್ಟ.

ಪೇಟೆಯ ಕಾಲುವೆಗಳ ಕಥೆ ಬೇರೆಯಲ್ಲ, ಕೆಸರಿನ ಬದಲು ಕಾಂಕ್ರೀಟು. ಹಿಂದೆ ಮನೆಗಳು ನೀರಿಗೆ ಮುಖ ಮಾಡಿ ನಿಂತಿರುತ್ತಿದ್ದವು. ಬಟ್ಟೆ ಒಗೆಯಲು, ದೋಣಿ ಹತ್ತಲು ಮೆಟ್ಟಿಲು ಇಳಿಯಬೇಕಿತ್ತು. ನೀರು ಬೇಕಾದ್ದರಿಂದಲೇ ಜನ ಅದನ್ನು ಕಾಯುತ್ತಿದ್ದರು. ಓಡಾಟ ರಸ್ತೆಗೆ ಬಿದ್ದ ಮೇಲೆ ಕಾಲುವೆ ಮನೆಯ ಹಿತ್ತಲಾಯಿತು. ಹಿತ್ತಲಿಗೆ ಚರಂಡಿ ಬಿಟ್ಟರು, ಕಸ ಸುರಿದರು, ಹೂಳು ಏರಿದಲ್ಲಿ ಗೋಡೆ ಮುಂದೆ ತಂದರು.

ನ್ಯಾಯಾಲಯ ಸುಮ್ಮನಿರಲಿಲ್ಲ. ದಾಲ್ ಸುತ್ತ 200 ಮೀಟರ್ ಒಳಗೆ ಹೊಸ ಕಟ್ಟಡ ಕೂಡದೆಂದು ಹೈಕೋರ್ಟ್ 2002ರಲ್ಲಿ ಆದೇಶ ಕೊಟ್ಟಿತು. 2009ರಲ್ಲಿ ಹೌಸ್‌ಬೋಟ್‌ಗಳ ಕೊಳಚೆ ನೇರ ಸರೋವರ ಸೇರುವ ದೂರಿನ ಮೇಲೆ ಅವುಗಳ ದುರಸ್ತಿಗೂ ತಡೆ ಬಿತ್ತು. ಕೊಳಚೆಯ ದೂರು ಸುಳ್ಳಲ್ಲ. ಆದರೆ ಎರಡು ಆದೇಶಗಳ ಫಲ ಒಂದೇ ಆಗಲಿಲ್ಲ. ಮರದ ದೋಣಿಗೆ ಕೆಲವು ವರ್ಷಕ್ಕೊಮ್ಮೆ ತಳದ ಹಲಗೆ ಬದಲಿಸಲೇಬೇಕು. ದುರಸ್ತಿ ನಿಂತರೆ ದೋಣಿ ಕೊಳೆತು ಮುಳುಗುತ್ತದೆ, ಮುಳುಗಿಯೂ ಮುಳುಗಿದವು. ಕಾಂಕ್ರೀಟಿನ ಮನೆಗೆ ಅಂಥ ಅವಸರವಿಲ್ಲ. ತಡೆಯಾಜ್ಞೆ ಇದ್ದರೂ ನಿಂತಲ್ಲೇ ನಿಂತಿರುತ್ತದೆ. ನಿಯಮವನ್ನು ನೆಲದ ಮೇಲಿನವರು ದಾಟಿದರು, ದಂಡ ತೆತ್ತವರು ನೀರಿನ ಮೇಲಿನವರು. 2021ರ ಹೊಸ ನೀತಿ ದುರಸ್ತಿಗೆ ಅವಕಾಶ ಕೊಟ್ಟು, ರಿಯಾಯಿತಿ ದರದಲ್ಲಿ ಮರ ಕೊಡುವುದಾಗಿ ಹೇಳಿತು. ಅಷ್ಟರಲ್ಲಿ ಹನ್ನೆರಡು ಚಳಿಗಾಲ ಕಳೆದಿದ್ದವು.

ದಾಲ್‌ನೊಳಗಿನ ಕುಟುಂಬಗಳನ್ನು ಹೊರಗೆ ಸಾಗಿಸುವ ಯೋಜನೆಯಲ್ಲೂ ಇಂಥದೇ ತೊಡಕು. ಅವರಿಗೆ ಕೊಟ್ಟ ನಿವೇಶನಗಳು ಬೆಮಿನಾ ಬಳಿಯ ರಖ್-ಎ-ಅರ್ಥ್‌ನಲ್ಲಿವೆ. ಅದೂ ಜೌಗು ನೆಲವೇ. 1903ರ ಪ್ರವಾಹದ ನಂತರ, ಝೇಲಂನ ಹೆಚ್ಚುವರಿ ನೀರು ಊರು ತಪ್ಪಿಸಿ ಹೋಗಲೆಂದು ಪಾದಶಾಹಿ ಬಾಗ್‌ನಿಂದ ನೆರೆಗಾಲುವೆ ತೋಡಿದ್ದರು. ಆ ನೀರಿಗೆಂದು ಬಿಟ್ಟ ಈ ತಗ್ಗಿನಲ್ಲಿ ಮುಂದೆ ಬಡಾವಣೆಗಳೆದ್ದವು, ಸರ್ಕಾರಿ ಬಡಾವಣೆಗಳೂ ಸೇರಿ.

2014ರ ಸೆಪ್ಟೆಂಬರ್‌ನಲ್ಲಿ ನೀರು ತನ್ನ ಜಾಗ ಕೇಳಿಕೊಂಡು ಬಂತು. ರಾಜ್‌ಬಾಗ್, ಜವಾಹರ್ ನಗರದಂಥ ಅನುಕೂಲಸ್ಥರ ಬಡಾವಣೆಗಳಲ್ಲಿ ಮೊದಲ ಮಹಡಿಯವರೆಗೂ ನೀರೇರಿತು. ಆಗ ಹಾಂಜಿಗಳು ಶಿಕಾರಾಗಳನ್ನು ಊರೊಳಗೆ ತಂದು, ಕಿಟಕಿಗಳಿಂದ ಜನರನ್ನು ಇಳಿಸಿಕೊಂಡರು. ಸರೋವರ ಕೆಡಿಸುವವರೆಂದು ವರ್ಷಗಟ್ಟಲೆ ಬೈಸಿಕೊಂಡವರು ಇದೇ ಜನ. ಆ ಋಣವನ್ನು ಶ್ರೀನಗರ ಇನ್ನೂ ತೀರಿಸಿಲ್ಲ.

ಈಚೆಗೆ ಒಂದು ಒಳ್ಳೆಯ ಕೆಲಸ ನಡೆದದ್ದು ಖುಶಾಲ್ ಸರ್‌ನಲ್ಲಿ, ಅಂದರೆ ಮಾರ್ ಕಾಲುವೆಯ ಕೊನೆಯ ತುದಿಯಲ್ಲಿ. 2021ರಲ್ಲಿ ನಾಗರಿಕರ ಗುಂಪೊಂದು ದೋಣಿಯವರನ್ನು ಸೇರಿಸಿಕೊಂಡು ಕಸ, ಕಳೆ ಎತ್ತಲು ಶುರುಮಾಡಿತು. ಆಡಳಿತ ಆಮೇಲೆ ಕೈಜೋಡಿಸಿತು. ಸತ್ತೇಹೋಯಿತೆಂದು ಬಿಟ್ಟಿದ್ದ ಕೆರೆಯಲ್ಲಿ ಮತ್ತೆ ನೀರು ಕಂಡಿತು. ಮಾರ್ ರಸ್ತೆಯನ್ನು ಅಗೆದು ಕಾಲುವೆ ತರುವುದು ಇನ್ನು ಆಗದ ಮಾತು. ಚುಂಟ್ ಕೋಲ್ ಮತ್ತು ಕುಟ್ಟೆ ಕೋಲ್‌ಗಳ ಮಟ್ಟಿಗೆ ಹಾಗಲ್ಲ. ಅಲ್ಲಿ ಆಗಬೇಕಾದದ್ದು ನದಿದಂಡೆಯ ಅಲಂಕಾರದ ದೀಪ, ಟೈಲ್ಸ್‌ಗಿಂತ ಮುಂಚೆ ಒಂದು ಅಳತೆ: ಡೂಂಗಾ ಒಂದು ಎದುರಾದ ಇನ್ನೊಂದು ಡೂಂಗಾಕ್ಕೆ ದಾರಿ ಬಿಡುವಷ್ಟು ಅಗಲ, ಅದರ ತಳ ಹೂಳಿಗೆ ತಾಗದಷ್ಟು ಆಳ. ಆ ಅಳತೆಯೊಳಗೆ ಬಂದ ಗೋಡೆ ಹೋಟೆಲಿನದಾಗಲಿ, ಇಲಾಖೆಯದಾಗಲಿ, ಬಡವನದಾಗಲಿ ಹಿಂದೆ ಸರಿಯಬೇಕು. ತೆರವು ಮಾತ್ರ ಹೋಟೆಲು, ಇಲಾಖೆಗಳಿಂದ ಶುರುವಾಗಲಿ.