ಒಡೆಯರೆಂಬ ಹೆಸರು ಹರಿದುಬಂದ ಹಾದಿ

ನಂಜನಗೂಡು ತಾಲ್ಲೂಕಿನಲ್ಲಿ ಹದಿನಾರು ಎಂಬ ಗ್ರಾಮವೊಂದಿದೆ. ಹೆಸರನ್ನು ಮೊದಲ ಬಾರಿಗೆ ಕೇಳಿದವರು ಇದೇನು, ಲೆಕ್ಕದ ಸಂಖ್ಯೆಯೇ ಊರಿನ ಹೆಸರಾಯಿತೆ ಎಂದು ನಗುವುದುಂಟು. ಇಂದು ಆ ಊರು ಹೆಸರಾಗಿರುವುದು ತನ್ನ ದೊಡ್ಡ ಕೆರೆಯಿಂದ. ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದು ಅದರ ನೀರಿನಲ್ಲಿ ಇಳಿಯುತ್ತವೆ. ಆದರೆ ಮೈಸೂರಿನ ಅರಮನೆಯ ವಂಶಕಥೆಗಳಲ್ಲಿ ಈ ಊರಿಗೆ ಬಂದಿಳಿದ ಅತಿಥಿಗಳು ಬೇರೆ. ಹದಿನಾಡು ಎಂದು ಆ ಕಥೆಗಳು ಕರೆಯುವ ಈ ಸ್ಥಳದಲ್ಲಿಯೇ ‘ಒಡೆಯರ್’ ಎಂಬ ಮನೆತನದ ಹೆಸರು ಹುಟ್ಟಿತೆಂದು ಪ್ರತೀತಿ.

ಕಥೆ ಬಲ್ಲವರಿಗೆ ಹಳೆಯದೇ. ದ್ವಾರಕೆಯಿಂದ ವಿಜಯ, ಕೃಷ್ಣ ಎಂಬ ಇಬ್ಬರು ಯಾದವ ಸೋದರರು ದಕ್ಷಿಣಕ್ಕೆ ಬಂದರು. ಆಗ ಹದಿನಾಡಿನ ಪಾಳೆಯಗಾರನು ಬುದ್ಧಿಭ್ರಮಣೆಯಿಂದ ಮನೆಬಿಟ್ಟು ಹೋಗಿದ್ದನು. ಇತ್ತ ಕಾರುಗಹಳ್ಳಿಯ ಮಾರನಾಯಕನು ಆತನ ಒಬ್ಬಳೇ ಮಗಳನ್ನು ತನಗೆ ಕೊಡಬೇಕೆಂದು ಬಲಾತ್ಕಾರ ಮಾಡುತ್ತಿದ್ದನು. ಸೋದರರು ಒಂದು ಉಪಾಯ ಹೂಡಿದರು. ಮದುವೆಯ ಔತಣಕ್ಕೆಂದು ಬಂದ ಮಾರನಾಯಕನು ಜೀವಸಹಿತ ಹಿಂದಿರುಗಲಿಲ್ಲ. ಹುಡುಗಿಯು ವಿಜಯನ ಕೈ ಹಿಡಿದಳು. ಹದಿನಾಡು, ಕಾರುಗಹಳ್ಳಿಗಳೆರಡೂ ಅವನ ವಶವಾದವು. ಅವನು ಯದುರಾಯನೆಂದೂ ಒಡೆಯನೆಂದೂ ಪ್ರಸಿದ್ಧನಾದನು. ಇದು ನಡೆದದ್ದು 1399ರಲ್ಲಿ ಎಂಬುದು ಅರಮನೆಯ ಲೆಕ್ಕ.

ಈ ಕಥೆಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಅಂಶವಿದೆ. ನೆಲ ಬಂದದ್ದು ಯಾರಿಂದ? ಹದಿನಾಡಿನ ಮಗಳಿಂದ. ಹೆಸರು ಉಳಿದದ್ದು ಯಾರದು? ಹೊರಗಿನಿಂದ ಬಂದ ಅಳಿಯನದು. ಮುಂದಿನ ಆರು ಶತಮಾನಗಳ ಒಡೆಯರ ಚರಿತ್ರೆಯಲ್ಲಿ ಇದೇ ಸಂಗತಿಯು ಮತ್ತೆ ಮತ್ತೆ ತಲೆದೋರುವುದನ್ನು ಕಾಣಬಹುದು.

‘ಒಡೆಯ’ ಎಂಬುದು ಅಚ್ಚಗನ್ನಡದ ಮಾತು. ಯಜಮಾನ, ಸ್ವಾಮಿ ಎಂದಷ್ಟೇ ಅದರ ಅರ್ಥ. ಮೊದಲಲ್ಲಿ ಅದು ಒಂದು ಮನೆತನದ ಸೊತ್ತಾಗಿರಲಿಲ್ಲ. ವಿಜಯನಗರದ ಮೊದಲ ಅರಸರಾದ ಹರಿಹರ ಬುಕ್ಕರನ್ನು ಶಾಸನಗಳು ಒಡೆಯರೆಂದೇ ಕರೆಯುತ್ತವೆ. ಉಮ್ಮತ್ತೂರಿನ ಪಾಳೆಯಗಾರರೂ ಒಡೆಯರೇ. ವೀರಶೈವ ಜಂಗಮರಿಗೂ ಇದು ಗೌರವದ ಸಂಬೋಧನೆಯಾಗಿತ್ತು. ಹದಿನಾಡಿನಲ್ಲಿ ನೆರವಾದ ಜಂಗಮರ ದೆಸೆಯಿಂದಲೇ ಯದುರಾಯನಿಗೆ ಆ ಬಿರುದು ಬಂದಿತೆಂದು ಹೇಳುವವರಿದ್ದಾರೆ. 1810ರಲ್ಲಿ ಮೈಸೂರಿನ ಚರಿತ್ರೆಯನ್ನು ಪ್ರಕಟಿಸಲಾರಂಭಿಸಿದ ಕರ್ನಲ್ ವಿಲ್ಕ್ಸ್ ಸಾಹೇಬರು, ಸಾಮಾನ್ಯವಾಗಿ ಮೂವತ್ತಮೂರು ಹಳ್ಳಿಗಳ ಒಡೆತನವುಳ್ಳವನಿಗೆ ಈ ಹೆಸರು ಸಲ್ಲುತ್ತಿತ್ತೆಂದು ಬರೆದಿದ್ದಾರೆ. ಹೀಗಿರುವಲ್ಲಿ, ಒಡೆಯರೆಂಬ ಹೆಸರಿನವರೆಲ್ಲ ಒಂದೇ ಮೂಲಪುರುಷನ ಸಂತಾನವೆಂದು ಭಾವಿಸುವುದು, ಗೌಡರೆಲ್ಲ ಅಣ್ಣತಮ್ಮಂದಿರೆಂದು ಹೇಳಿದಂತೆಯೇ ಸರಿ.

ಈ ಸೀಮೆಯ ಹೆಸರುಗಳ ರೀತಿಯೇ ಹಾಗೆ. ಇಲ್ಲಿ ಮನುಷ್ಯನ ಹೆಸರಿನ ಹಿಂದೆ ನಿಲ್ಲುವುದು ಸಾಮಾನ್ಯವಾಗಿ ಊರು. ಕನ್ನಡದ ಆದ್ಯ ಲೇಖಕಿಯರಲ್ಲೊಬ್ಬರಾದ ತಿರುಮಲಾಂಬ ಅವರು ಲೋಕಕ್ಕೆ ನಂಜನಗೂಡು ತಿರುಮಲಾಂಬ. ಪಿಟೀಲು ಚೌಡಯ್ಯನವರ ಹೆಸರಿನ ಮೊದಲಕ್ಷರವು ತಿರುಮಕೂಡಲು. ಮೈಸೂರು ದೊರೆಗಳೊಡನೆ ಹೆಣ್ಣು ಕೊಟ್ಟು ತಂದ ಅರಸು ಮನೆತನಗಳೂ ಊರಿನಿಂದಲೇ ಗುರುತಾಗುತ್ತಿದ್ದವು. ಬೆಟ್ಟದಕೋಟೆಯವರು, ಕಳಲೆಯವರು ಎಂದರೆ ಸಾಕಿತ್ತು. ಈ ಕಳಲೆಯೂ ನಂಜನಗೂಡು ತಾಲ್ಲೂಕಿನದೇ. ಆ ಮನೆತನದವರು ತಲೆಮಾರುಗಳ ಕಾಲ ಮೈಸೂರಿನ ದಳವಾಯಿಗಳಾಗಿದ್ದರು. ಕರಾಚೂರಿ ನಂಜರಾಜಯ್ಯನಂತೂ ದೊರೆಗೆ ಮಾವನೂ ಆಗಿ, ರಾಜ್ಯದ ಹಗ್ಗವನ್ನೆಲ್ಲ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದನು. ಅರಸು ಎಂಬುದು ಆಂಗ್ಲರ ಬರವಣಿಗೆಯಲ್ಲಿ ಸಿಕ್ಕಿ ‘ಅರ್ಸ್’ ಆದದ್ದು ತೀರ ಈಚಿನ ಮಾತು.

ಯದುವಂಶದ ಮಾತೂ ಮೈಸೂರಿಗೆ ಮಾತ್ರ ಸೇರಿದುದಲ್ಲ. ಹೊಯ್ಸಳರು ತಾವು ಯಾದವರೆಂದರು. ವಿಜಯನಗರದ ಸಂಗಮ ವಂಶದವರೂ ಹಾಗೆಯೇ ಹೇಳಿಕೊಂಡರು. ದಕ್ಷಿಣದ ಅರಸನೊಬ್ಬನು ಬಲಿತು ನಿಂತನೆಂದರೆ ಚಂದ್ರನವರೆಗೆ ವಂಶವೃಕ್ಷವನ್ನು ಹಬ್ಬಿಸುವುದು ಆ ಕಾಲದ ಆಸ್ಥಾನಮರ್ಯಾದೆಯಾಗಿತ್ತು.

ಹದಿನಾರಿನಲ್ಲಿ ಹುಟ್ಟಿದ ಹೆಸರಿಗೆ ಕಂಟಕ ಬಂದದ್ದು, ಐತಿಹ್ಯವನ್ನು ನಂಬುವುದಾದರೆ, ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆ ಪ್ರತಿನಿಧಿಯ ಮಡದಿ ಅಲಮೇಲಮ್ಮನು ಕಾವೇರಿಯ ತಡಿಯ ಮಾಲಂಗಿಯಲ್ಲಿ ಬಂದು ನೆಲಸಿದಳು. ಶ್ರೀರಂಗನಾಯಕಿಯ ಉತ್ಸವಕ್ಕೆ ಆಕೆ ಕೊಡುತ್ತಿದ್ದ ಒಡವೆಗಳಿಗಾಗಿ ದೊರೆಯ ಆಳುಗಳು ಬೆನ್ನಟ್ಟಿ ಬರಲು, ಮುತ್ತಿನ ಮೂಗುತಿಯನ್ನು ಒಪ್ಪಿಸಿ ಉಳಿದುದನ್ನು ಮಡಿಲಲ್ಲಿ ಕಟ್ಟಿಕೊಂಡು ಹೊಳೆಗೆ ಹಾರಿದಳು. ಹಾರುವ ಮುನ್ನ ಆಕೆ ನುಡಿದಳೆನ್ನುವ ಶಾಪಕ್ಕೆ ಮೂರು ಕವಲು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ದೊರೆಗಳಿಗೆ ಸಂತಾನಹೀನತೆ.

ತಲಕಾಡಿನ ದೇವಾಲಯಗಳನ್ನು ಮರಳು ನುಂಗಿರುವುದು ಪ್ರತ್ಯಕ್ಷ. ಮೂರನೆಯ ಮಾತಿನ ಸತ್ಯಾಸತ್ಯವನ್ನು ವಂಶಾವಳಿಯನ್ನು ಮುಂದಿಟ್ಟುಕೊಂಡು ಯಾರು ಬೇಕಾದರೂ ಎಣಿಸಿ ನೋಡಬಹುದು. ರಾಜ ಒಡೆಯರ ಪುತ್ರರು ತಂದೆಗಿಂತ ಮೊದಲೇ ತೀರಿಕೊಂಡು, 1617ರಲ್ಲಿ ಮೊಮ್ಮಗ ಚಾಮರಾಜರು ಪಟ್ಟಕ್ಕೆ ಬಂದರು. ರಣಧೀರ ಕಂಠೀರವ ನರಸರಾಜರು 1659ರಲ್ಲಿ ಗತಿಸಿದಾಗ ಮಗನಿಲ್ಲದೆ ದಾಯಾದಿಯಾದ ದೊಡ್ಡದೇವರಾಜರಿಗೆ ರಾಜ್ಯ ಹೋಯಿತು. ಇಷ್ಟರವರೆಗೆ ಶಾಪ ಫಲಿಸಿತೆನ್ನಬಹುದು. ಆದರೆ ಚಿಕ್ಕದೇವರಾಜರಿಗೆ ಮಗನಿದ್ದನು. ಆ ಮಗನಿಗೂ ಮಗನಿದ್ದನು. ಇಮ್ಮಡಿ ಕೃಷ್ಣರಾಜರ ಇಬ್ಬರು ಮಕ್ಕಳು ಒಬ್ಬರ ನಂತರ ಒಬ್ಬರು ಪಟ್ಟವೇರಿದರು. ತಲೆಮಾರು ಬಿಟ್ಟು ತಲೆಮಾರು ಸಂತಾನವಿಲ್ಲ ಎಂಬ ಜನಜನಿತ ಲೆಕ್ಕ ಸರಿಯಾಗಿ ಹೊಂದುವುದು ಮುಮ್ಮಡಿ ಕೃಷ್ಣರಾಜರಿಂದ ಈಚೆಗೆ ಮಾತ್ರ. ಜನರು ಕಣ್ಣಾರೆ ಕಂಡದ್ದು ಆ ಭಾಗವನ್ನೇ ಆದುದರಿಂದ ನಂಬಿಕೆ ಗಟ್ಟಿಯಾಯಿತು.

ದಾಯಾದಿಗೆ ಪಟ್ಟ ಹೋದಾಗ ಹೆಸರೂ ರಕ್ತವೂ ಒಟ್ಟಿಗೇ ಉಳಿಯುತ್ತವೆ. ಅವೆರಡೂ ಅಗಲಿದ್ದು ಹದಿನೆಂಟನೆಯ ಶತಮಾನದಲ್ಲಿ. 1732ರಲ್ಲಿ ದೊಡ್ಡ ಕೃಷ್ಣರಾಜರು ಪುತ್ರರಿಲ್ಲದೆ ಕಾಲವಾದರು. ಅವರ ಸ್ಥಾನಕ್ಕೆ ಚಾಮರಾಜರನ್ನೂ, ಎರಡೇ ವರ್ಷದಲ್ಲಿ ಅವರನ್ನು ಇಳಿಸಿ ಬಾಲಕ ಇಮ್ಮಡಿ ಕೃಷ್ಣರಾಜರನ್ನೂ ಹೊರಗಿನಿಂದ ಆರಿಸಿ ತರಲಾಯಿತು. 1776ರಲ್ಲಿ ಆ ಸಂತತಿಯೂ ಮುಗಿದಾಗ ಹೈದರ್ ಅಲಿ ಮಾಡಿದ ಆಯ್ಕೆಯನ್ನು ವಿಲ್ಕ್ಸ್ ಸಾಹೇಬರು ವರ್ಣಿಸಿದ್ದಾರೆ. ಅರಸು ಮನೆತನಗಳ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಕೂಡಿಸಿ, ಹಣ್ಣುಹಂಪಲು, ಮಿಠಾಯಿ, ಆಟಿಕೆ, ಪುಸ್ತಕ, ಹಣದ ಚೀಲಗಳನ್ನು ಹರಡಿಸಿದನಂತೆ. ಕೂಸುಗಳೆಲ್ಲ ತಮಗೆ ಬೇಕಾದುದಕ್ಕೆ ಮುಗಿಬೀಳುತ್ತಿದ್ದಾಗ ಒಬ್ಬ ಹುಡುಗನು ಥಳಥಳಿಸುವ ಪುಟ್ಟ ಕಠಾರಿಯನ್ನು ಬಲಗೈಯಲ್ಲಿಯೂ, ಬಳಿಕ ನಿಂಬೆಹಣ್ಣೊಂದನ್ನು ಎಡಗೈಯಲ್ಲಿಯೂ ಹಿಡಿದನು. ಇವನೇ ರಾಜನೆಂದನು ಹೈದರ್. ಆ ಹುಡುಗನೇ ಅರಿಕುಠಾರದ ದೇವರಾಜೇ ಅರಸರ ಮಗ ಖಾಸಾ ಚಾಮರಾಜ ಒಡೆಯರು. ಅವರ ಮಗ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ತಂದೆಯ ಹುಟ್ಟೂರಿಗೆ ಚಾಮರಾಜನಗರವೆಂಬ ಹೆಸರನ್ನಿಟ್ಟರು. ಮುಮ್ಮಡಿಯವರನ್ನು ಐದು ವರ್ಷದ ಬಾಲಕನಾಗಿ 1799ರಲ್ಲಿ ಸಿಂಹಾಸನದ ಮೇಲೆ ಕೂರಿಸಲು ಹೆಣಗಿದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜರ ವಿಧವೆ. ಬಾಲಕನು ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಸಂತತಿಯವನಲ್ಲ. ಹೆಸರಿಗಾಗಿಯೇ ಆಕೆ ಅಷ್ಟು ಕಷ್ಟಪಟ್ಟುದು.

ಹೆಸರು ಹೆಚ್ಚೋ ರಕ್ತ ಹೆಚ್ಚೋ ಎಂಬ ಪ್ರಶ್ನೆಯ ಮೇಲೆ ಒಂದು ರಾಜ್ಯದ ಅಳಿವು ಉಳಿವು ನಿಂತ ಕಾಲವೂ ಬಂದಿತು. 1831ರಲ್ಲಿ ಆಂಗ್ಲರು ಮುಮ್ಮಡಿಯವರಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. ದೊರೆಗಳಿಗೆ ಪಟ್ಟಕ್ಕೆ ಹಕ್ಕುಳ್ಳ ಗಂಡುಸಂತಾನವಿರಲಿಲ್ಲ. ದತ್ತುಪುತ್ರನಿಗೆ ರಾಜ್ಯವಿಲ್ಲವೆಂಬ ನೆವದಿಂದ ಸಾತಾರಾ, ನಾಗಪುರ, ಝಾನ್ಸಿಗಳು ಕಂಪನಿಯ ಹೊಟ್ಟೆಗೆ ಹೋದುದನ್ನು ಅವರು ಕಂಡಿದ್ದರು. ಆದರೂ ಎದೆಗುಂದದೆ 1865ರ ಜೂನ್ 18ರಂದು, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮಗುವಿನ ತಂದೆ ಬೆಟ್ಟದಕೋಟೆಯ ಚಿಕ್ಕಕೃಷ್ಣರಾಜೇ ಅರಸರು, ಮಗು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ತಾಯಿ ಪುಟ್ಟಮ್ಮಣ್ಣಿಯವರು ಯಾರು? ಮುಮ್ಮಡಿಯವರ ಹಿರಿಯ ಮಗಳು! ಸ್ವಂತ ಮೊಮ್ಮಗನನ್ನೇ ಅಜ್ಜನು ಮಗನನ್ನಾಗಿ ಮಾಡಿಕೊಂಡುದಾಯಿತು. ಕಲ್ಕತ್ತೆಯ ಸರ್ಕಾರ ಒಪ್ಪಲಿಲ್ಲ. ದೊರೆಗಳು ಪಟ್ಟು ಬಿಡಲಿಲ್ಲ. 1867ರಲ್ಲಿ ಲಂಡನ್ನಿನವರು ದತ್ತಕವನ್ನು ಮಾನ್ಯಮಾಡಿದರು. ಮರುವರ್ಷವೇ ಮುದಿಯ ದೊರೆ ಕಣ್ಮುಚ್ಚಿದರು. 1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರರ ಕೈಗೆ ಮರಳಿತು. ಆ ದತ್ತಕವು ಬಿದ್ದುಹೋಗಿದ್ದರೆ ಮೈಸೂರು ಸಂಸ್ಥಾನವೆಂಬುದೇ ಉಳಿಯುತ್ತಿರಲಿಲ್ಲ.

ಅನಂತರದ ಕಥೆ ಸಮೀಪದ್ದು. ನಾಲ್ವಡಿ ಕೃಷ್ಣರಾಜರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರ ಮಗ ಶ್ರೀಕಂಠದತ್ತ ನರಸಿಂಹರಾಜರು 2013ರ ಡಿಸೆಂಬರ್ 10ರಂದು ನಿಸ್ಸಂತಾನರಾಗಿ ನಿಧನರಾದರು. ಪತ್ನಿ ಪ್ರಮೋದಾದೇವಿಯವರು 2015ರ ಫೆಬ್ರವರಿಯಲ್ಲಿ ಯದುವೀರ್ ಗೋಪಾಲರಾಜೇ ಅರಸರನ್ನು ದತ್ತು ಸ್ವೀಕರಿಸಿದರು. ಇವರು ಜಯಚಾಮರಾಜರ ಹಿರಿಯ ಮಗಳು ಗಾಯತ್ರೀದೇವಿಯವರ ಮಗಳ ಮಗ. ಅರಸು ಎಂಬ ಹೆಸರಿನೊಡನೆ ದತ್ತಕದ ಮಂಟಪವನ್ನು ಹೊಕ್ಕವರು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರಾಗಿ ಹೊರಬಂದರು. ಗೋತ್ರವೂ ಅದರೊಡನೆ ಬದಲಾಗುತ್ತದೆ. ಶಾಸನಗಳಲ್ಲಿ ಕಾಣುವ ಒಡೆಯರ ಗೋತ್ರ ಆತ್ರೇಯ.

ಮಂತ್ರಕ್ಕೆ ಬಗ್ಗದ ಒಂದು ಗೋತ್ರವೂ ಉಂಟು. ಗಂಡಸಿನ ಜೀವಕೋಶದಲ್ಲಿರುವ ‘ವೈ’ ಎಂಬ ವರ್ಣತಂತು ತಂದೆಯಿಂದ ಮಗನಿಗೆ, ಆ ಮಗನಿಂದ ಅವನ ಮಗನಿಗೆ, ಹೆಚ್ಚು ಕಡಮೆ ಬದಲಾಗದೆ ಸಾಗುತ್ತದೆ. ತಂದೆಯ ಕಡೆಯ ಹೆಸರು ಸಾಗುವ ಹಾದಿಯೂ ಅದೇ ಅಲ್ಲವೆ? ಹಾಗಾದರೆ ಒಂದೇ ಮನೆತನದ ಹೆಸರಿನವರಲ್ಲಿ ಒಂದೇ ‘ವೈ’ ಇರಬೇಕು. ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯನ್ ಸೈಕ್ಸ್ ಅವರು ತಮ್ಮ ಹೆಸರಿನವರನ್ನೇ ಹಿಡಿದು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನರಲ್ಲಿ ಅದು ಒಂದೇ ಆಗಿತ್ತು. ಉಳಿದವರಲ್ಲಿ ಹೆಸರೊಂದು, ತಂತು ಬೇರೊಂದು. ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡನ ಎಲುಬುಗಳು 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ ಸಿಕ್ಕಾಗ ಇನ್ನೂ ದೊಡ್ಡ ಬೆರಗು ಕಾದಿತ್ತು. ಅದೇ ವಂಶದ ಗಂಡುಕವಲಿನವರೆಂದು ದಾಖಲೆಯಲ್ಲಿದ್ದ ಐವರಲ್ಲಿ ಒಬ್ಬರ ‘ವೈ’ ಕೂಡ ರಾಜನದಕ್ಕೆ ಹೊಂದಲಿಲ್ಲ. ರಾಜನ ಗುರುತು ಹಿಡಿದುಕೊಟ್ಟದ್ದು ಅಕ್ಕನ ಮಗಳು, ಅವಳ ಮಗಳು ಎಂಬಂತೆ ತಾಯಂದಿರ ಮೂಲಕ ಮಾತ್ರ ಇಳಿದುಬರುವ ಮೈಟೋಕಾಂಡ್ರಿಯದ ಡಿಎನ್‌ಎ.

ಒಡೆಯರ ವಿಷಯದಲ್ಲಿ ಇಂಥ ಗುಟ್ಟನ್ನು ಬಗೆಯಲು ಪ್ರಯೋಗಶಾಲೆಯೇ ಬೇಕಿಲ್ಲ. ದತ್ತಕಗಳೆಲ್ಲ ರಾಜಾರೋಷವಾಗಿ ನಡೆದುವೇ ಆದುದರಿಂದ ದಾಖಲೆಗಳೇ ಸಾಕು. ಮುಮ್ಮಡಿ ಕೃಷ್ಣರಾಜರಲ್ಲಿದ್ದುದು ಅರಿಕುಠಾರದ ಅರಸರ ‘ವೈ’. ಚಾಮರಾಜೇಂದ್ರರಿಂದ ಶ್ರೀಕಂಠದತ್ತರವರೆಗಿನವರದು ಬೆಟ್ಟದಕೋಟೆಯವರದು. 2015ರಿಂದ ಈಚೆಗೆ ಅದು ಗೋಪಾಲರಾಜೇ ಅರಸರ ಮನೆಯದು. ಈ ಮನೆತನಗಳಿಗೆಲ್ಲ ಬಹು ಹಿಂದೆ ಒಬ್ಬನೇ ಮೂಲಪುರುಷನಿದ್ದ ಹೊರತು, ಯದುರಾಯನ ತಂತು ಈ ಕವಲುಗಳಲ್ಲಿ ಇರಲಾರದು. ಆದರೆ ರಾಜವಂಶದ ರಕ್ತ ಬತ್ತಿತೆಂದು ಇದರ ಅರ್ಥವಲ್ಲ. ಚಾಮರಾಜೇಂದ್ರರ ವಂಶವಾಹಿಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗ ಅಜ್ಜ ಮುಮ್ಮಡಿಯವರದೇ, ಅದು ಬಂದದ್ದು ಪುಟ್ಟಮ್ಮಣ್ಣಿಯವರಿಂದ. ಯದುವೀರರಲ್ಲಿ ಎಂಟನೆಯ ಒಂದು ಭಾಗ ಜಯಚಾಮರಾಜರದು, ಅದು ಬಂದದ್ದು ಗಾಯತ್ರೀದೇವಿಯವರಿಂದ. ಹೆಸರು ಎಡವಿ ಬಿದ್ದಾಗಲೆಲ್ಲ ರಕ್ತವನ್ನು ಮಡಿಲಲ್ಲಿ ಹೊತ್ತು ದಾಟಿಸಿದವರು, ವಂಶಾವಳಿಯ ಮುಖ್ಯ ಸಾಲಿನಲ್ಲಿ ಹೆಸರೇ ಕಾಣದ ಹೆಣ್ಣುಮಕ್ಕಳು.

ಇವರೆಲ್ಲರ ನಡುವೆ ಅರಮನೆಯು ಮರೆಯದಿರುವ ಇನ್ನೊಬ್ಬ ಹೆಂಗಸು ಅಲಮೇಲಮ್ಮ. ಯಾರ ಶಾಪಕ್ಕೆ ಈ ಮನೆ ಅಂಜಿತೋ ಆಕೆಯ ವಿಗ್ರಹಕ್ಕೆ ಅದೇ ಮನೆಯಲ್ಲಿ ನವರಾತ್ರಿಯಲ್ಲಿ ಪೂಜೆ ಸಲ್ಲುತ್ತದೆ. 2017ರ ಡಿಸೆಂಬರಿನಲ್ಲಿ ಯದುವೀರರಿಗೆ ಗಂಡುಮಗು ಹುಟ್ಟಿದಾಗ, ಆಕೆಯ ಕೋಪ ಇಳಿಯಿತೆಂದು ಹಿಗ್ಗಿದವರು ಬಹಳ ಮಂದಿ. ತಲೆಮಾರು ಬಿಟ್ಟು ತಲೆಮಾರು ಎಂಬ ಹಳೆಯ ಲೆಕ್ಕದ ಪ್ರಕಾರವೂ ಇದು ಮಕ್ಕಳಾಗಬೇಕಾದ ಸರದಿಯೇ ಆಗಿತ್ತೆಂಬುದು ಆ ಸಂಭ್ರಮದಲ್ಲಿ ಅನೇಕರ ಗಮನಕ್ಕೆ ಬರಲಿಲ್ಲ.