ಮನೆ ಕಂದಾಯ: ಯಾರಿಗೆ, ಯಾವುದಕ್ಕೆ ವಿನಾಯಿತಿ?

ಏಪ್ರಿಲ್ ತಿಂಗಳು ಬಂತೆಂದರೆ ಹೊಸ ಆರ್ಥಿಕ ವರ್ಷ ಆರಂಭ. ಮನೆ ಕಂದಾಯದ ಚಿಂತೆಯೂ ಅಲ್ಲಿಂದಲೇ ಶುರು. ಘಟ್ಟ ಹತ್ತಿ ಹೋಗಿ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಮಾಡಿಕೊಂಡ ಬಂಧುಗಳು ನಮ್ಮಲ್ಲಿ ಅನೇಕರಿಗೆ ಇದ್ದಾರೆ. "ಊರಲ್ಲಿ ಒಂದು ನಿಯಮ, ಇಲ್ಲಿ ಒಂದು ನಿಯಮ, ನಮಗೆ ವಿನಾಯಿತಿ ಉಂಟೋ ಇಲ್ಲವೋ?" ಎಂಬುದು ಅಂಥವರ ಸಾಮಾನ್ಯ ಪ್ರಶ್ನೆ. ಮದಗದ ಕೆರೆಯ ಸಮೀಪದ ಎಮ್ಮೆದೊಡ್ಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಸರಳವಾಗಿ ತಿಳಿಸಲು ಬಯಸುತ್ತೇವೆ.

ಮೊದಲೇ ಒಂದು ಮಾತು. ವಿನಾಯಿತಿ ಸಿಗುವುದು ಬಹುಮಟ್ಟಿಗೆ ಕಟ್ಟಡದ ಉಪಯೋಗವನ್ನು ನೋಡಿ. ಮಾಲೀಕರ ಹೆಸರು ನೋಡಿ ಅಲ್ಲ. ಮತ್ತು ಅದು ತಾನಾಗಿ ಬರುವುದಿಲ್ಲ, ಅರ್ಜಿ ಕೊಟ್ಟು ಕೇಳಬೇಕು.

ಯಾವ ಊರಿಗೆ ಯಾವ ಕಾನೂನು?

ಎಮ್ಮೆದೊಡ್ಡಿಯಂಥ ಹಳ್ಳಿಗಳಲ್ಲಿ ಮನೆ ತೆರಿಗೆ ವಿಧಿಸುವುದು ಗ್ರಾಮ ಪಂಚಾಯಿತಿ. ಇದಕ್ಕೆ ಆಧಾರ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣ. ಅಲ್ಲಿಂದ ಕಡೂರು ಇಲ್ಲವೇ ಬೀರೂರು ಪೇಟೆಗೆ ಬಂದರೆ ಪುರಸಭೆ. ಅಲ್ಲಿಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅನ್ವಯ. ಮಂಗಳೂರಿನಂಥ ಮಹಾನಗರ ಪಾಲಿಕೆಗೆ 1976ರ ಅಧಿನಿಯಮ. ಆದ್ದರಿಂದ ಮಂಗಳೂರಿನ ಅಣ್ಣನಿಗೆ ಸಿಕ್ಕ ರಿಯಾಯಿತಿ ಎಮ್ಮೆದೊಡ್ಡಿಯ ತಮ್ಮನಿಗೂ ಸಿಗಲೇಬೇಕೆಂದಿಲ್ಲ.

ಇನ್ನೊಂದು ಗೊಂದಲ ಮನೆ ಕಂದಾಯ ಮತ್ತು ಭೂಕಂದಾಯದ ನಡುವೆ. ಸಾಗುವಳಿ ಜಮೀನಿಗೆ ಭೂಕಂದಾಯ. ಅದು ಕಂದಾಯ ಇಲಾಖೆಗೆ ಸೇರಿದ್ದು. ಭೂಕಂದಾಯಕ್ಕೆ ಒಳಪಟ್ಟ ಕೃಷಿ ಭೂಮಿಗೆ ಪಂಚಾಯಿತಿ ಮತ್ತೆ ತೆರಿಗೆ ಹಾಕುವಂತಿಲ್ಲ. ತೆಂಗಿನ ತೋಟ, ಅಡಿಕೆ ತೋಟ ಇರುವವರಿಗೆ ಇದು ದೊಡ್ಡ ರಕ್ಷಣೆ. ಆದರೆ ಭೂಪರಿವರ್ತನೆ ಮಾಡಿಸಿ ನಿವೇಶನ ಮಾಡಿದರೆ ಆ ರಕ್ಷಣೆ ಹೋಯಿತು.

ವಿನಾಯಿತಿ ಯಾವುದಕ್ಕೆ?

ಪಟ್ಟಣ ಮತ್ತು ನಗರಗಳ ಕಾನೂನಿನಲ್ಲಿ ಸಾರ್ವಜನಿಕ ಆರಾಧನೆಗೆಂದೇ ಮೀಸಲಾಗಿ, ವಾಸ್ತವವಾಗಿ ಅದಕ್ಕೇ ಬಳಕೆಯಾಗುವ ಸ್ಥಳಗಳಿಗೆ ತೆರಿಗೆ ಇಲ್ಲ. ದೇವಸ್ಥಾನ, ಮಸೀದಿ, ಇಗರ್ಜಿ ಎಲ್ಲಕ್ಕೂ ಒಂದೇ ನಿಯಮ. ಇಗರ್ಜಿಗೆ ಸೇರಿದ ಜಾಗದಲ್ಲಿ ಅಂಗಡಿ ಕಟ್ಟಿ ಬಾಡಿಗೆಗೆ ಕೊಟ್ಟರೆ ಆ ಅಂಗಡಿಗೆ ತೆರಿಗೆ ಉಂಟು. "ಇದು ಚರ್ಚಿನ ಆಸ್ತಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಇದೇ ತರ್ಕ ಮನೆಗೂ ಅನ್ವಯ. ಮನೆಯೊಳಗೆ ಪ್ರಾರ್ಥನಾ ಪೀಠ ಇದೆ, ವಾರಕ್ಕೊಮ್ಮೆ ವಾಳೆಯವರು ಸೇರಿ ಜಪಸರ ಮಾಡುತ್ತಾರೆ ಎಂಬ ಕಾರಣಕ್ಕೆ ವಾಸದ ಮನೆ ಆರಾಧನಾ ಸ್ಥಳ ಆಗುವುದಿಲ್ಲ.

ಮನೆ ಮಾಲೀಕರಿಗೆ ನಿಜವಾಗಿ ಉಪಯೋಗವಾಗುವ ಅಂಶಗಳು ಇವು:

1. ಮಾಜಿ ಸೈನಿಕರು ಅಥವಾ ಮೃತ ಮಾಜಿ ಸೈನಿಕರ ಕುಟುಂಬ ವಾಸಿಸುವ ಮನೆಗೆ ರಾಜ್ಯದ ನಗರ ಪ್ರದೇಶಗಳಲ್ಲಿ ಆಸ್ತಿ ತೆರಿಗೆಯ ಶೇ. 50 ರಿಯಾಯಿತಿ ಇದೆ. ಗುರುತಿನ ಚೀಟಿಯೊಂದಿಗೆ ಅರ್ಜಿ ಕೊಡಬೇಕು. ಹಳ್ಳಿಯಲ್ಲಿರುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಲಿಖಿತವಾಗಿಯೇ ಕೇಳಿ, ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

2. ಪುರಸಭೆಗಳಲ್ಲಿ ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ. 5 ಸೋಡಿ ಸಿಗುತ್ತದೆ. ತಡವಾದರೆ ಸೋಡಿಯೂ ಇಲ್ಲ, ಮೇಲೆ ದಂಡ ಬೇರೆ.

3. ಮನೆ ಬಾಡಿಗೆಗೆ ಕೊಟ್ಟವರು ಕಟ್ಟಿದ ಮನೆ ಕಂದಾಯವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಕಳೆಯಬಹುದು. ತಿಂಗಳಿಗೆ 5,000 ರೂ. ಬಾಡಿಗೆ ಎಂದುಕೊಳ್ಳೋಣ. ವರ್ಷಕ್ಕೆ 60,000. ಕಂದಾಯ 2,000 ಕಟ್ಟಿದ್ದರೆ ಉಳಿದದ್ದು 58,000. ಅದರಲ್ಲಿ ಶೇ. 30 ಅಂದರೆ 17,400 ಮತ್ತೆ ಕಡಿತ. ಲೆಕ್ಕಕ್ಕೆ ಬರುವುದು 40,600 ಮಾತ್ರ. ಆದರೆ ಕಂದಾಯವನ್ನು ಮಾಲೀಕರೇ, ಅದೇ ವರ್ಷದಲ್ಲಿ ಕಟ್ಟಿರಬೇಕು.

4. ಭೂಕಂದಾಯ ಇರುವ ಜಮೀನಿನಲ್ಲಿ ಅಥವಾ ಅದರ ತೀರಾ ಹತ್ತಿರದಲ್ಲಿ ರೈತರು ವಾಸಕ್ಕೋ, ಫಸಲು ಇಡುವುದಕ್ಕೋ ಕೃಷಿಯ ಅಗತ್ಯಕ್ಕಾಗಿ ಬಳಸುವ ಕಟ್ಟಡವನ್ನು ಆದಾಯ ತೆರಿಗೆ ಕಾನೂನು ಕೃಷಿಯ ಭಾಗವಾಗಿಯೇ ನೋಡುತ್ತದೆ. ಪಂಚಾಯಿತಿಯ ಮನೆ ತೆರಿಗೆ ಮಾತ್ರ ಬೇರೆ ವಿಷಯ; ಎರಡನ್ನೂ ಬೆರೆಸಬಾರದು.

ರಸೀದಿಯಲ್ಲಿ ಏನಿದೆ, ಓದಿ

ಮನೆ ತೆರಿಗೆಯ ಜೊತೆಗೆ ಕರಗಳು ಸೇರುತ್ತವೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಗ್ರಂಥಾಲಯ ಕರ ಶೇ. 6, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಭಿಕ್ಷುಕರ ಕರ ಶೇ. 3. ತೆರಿಗೆ 600 ರೂ. ಇದ್ದರೆ ಗ್ರಂಥಾಲಯಕ್ಕೆ 36, ನಿರ್ಗತಿಕರ ಪುನರ್ವಸತಿಗೆ 18 ರೂ. ಹೋಗುತ್ತದೆ. ತೆರಿಗೆಯ ಮೊತ್ತ ತಪ್ಪಾಗಿ ಹೆಚ್ಚಿದ್ದರೆ ಈ ಕರಗಳೂ ಹೆಚ್ಚುತ್ತವೆ. ಆದ್ದರಿಂದ ದಾಖಲೆಯಲ್ಲಿ ಮನೆಯ ಅಳತೆ ಎಷ್ಟು ಬರೆದಿದೆ, ಹಂಚಿನ ಮನೆಯನ್ನು ಆರ್.ಸಿ.ಸಿ. ಎಂದು ಬರೆದಿದ್ದಾರೆಯೇ, ವಾಸದ ಮನೆಯನ್ನು ವಾಣಿಜ್ಯ ಎಂದು ತೋರಿಸಿದ್ದಾರೆಯೇ ನೋಡಬೇಕು. ವಿಶೇಷ ವಿನಾಯಿತಿ ಇಲ್ಲದ ಸಾಮಾನ್ಯ ಕುಟುಂಬಕ್ಕೆ ಈ ತಿದ್ದುಪಡಿಯೇ ದೊಡ್ಡ ಉಳಿತಾಯ. ತಪ್ಪು ಕಂಡರೆ ಪಂಚಾಯಿತಿಗೆ ಆಕ್ಷೇಪಣೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಮುಂದಿನ ವರ್ಷವೂ ಅದೇ ಬಿಲ್ಲು.

ತಂದೆ ತಾಯಿ ತೀರಿಹೋದ ಮೇಲೂ ಖಾತೆ ಅವರ ಹೆಸರಿನಲ್ಲೇ ಉಳಿದ ಮನೆಗಳು ಹಲವು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಖಾತೆ ಬದಲಾಯಿಸಿಕೊಳ್ಳದಿದ್ದರೆ ರಿಯಾಯಿತಿಗೆ ಅರ್ಜಿ ಹಾಕುವಾಗಲೂ, ಇ-ಸ್ವತ್ತಿನಲ್ಲಿ ನಮೂನೆ 9, ನಮೂನೆ 11 ಪಡೆಯುವಾಗಲೂ ತೊಡಕು.

ರಸೀದಿಯೇ ಹಕ್ಕುಪತ್ರ ಅಲ್ಲ

ಕಡೂರು ಸೀಮೆ ಅಮೃತಮಹಲ್ ಕಾವಲುಗಳ ನಾಡು. ಎಮ್ಮೆದೊಡ್ಡಿ ಎಂಬ ಹೆಸರಲ್ಲೇ ದನಕರುಗಳ ದೊಡ್ಡಿ ಇದೆ. ಕಾವಲು, ಗೋಮಾಳ, ಅರಣ್ಯದ ಅಂಚಿನಲ್ಲಿ ಮನೆ ಕಟ್ಟಿಕೊಂಡವರು "ವರ್ಷ ವರ್ಷ ಕಂದಾಯ ಕಟ್ಟಿದ್ದೇವೆ, ಮನೆ ನಮ್ಮದೇ" ಎಂದು ನಂಬಿರುವುದುಂಟು. ಕಂದಾಯ ರಸೀದಿ ವಾಸಕ್ಕೆ ಸಾಕ್ಷಿಯಾಗಿ ನೆರವಾಗಬಹುದು, ಮಾಲೀಕತ್ವ ಕೊಡುವುದಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ವಾಸದ ಮನೆಯನ್ನು ಸಕ್ರಮಗೊಳಿಸಲು ಕರ್ನಾಟಕ ಭೂಕಂದಾಯ ಅಧಿನಿಯಮದ 94-ಸಿ ಪ್ರಕರಣ ಇದೆ. ಅದರ ಷರತ್ತುಗಳಿಗೆ ನಿಮ್ಮ ಮನೆ ಒಳಪಡುತ್ತದೆಯೇ ಎಂದು ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಇದನ್ನು ತಿಳಿಯದೆ ಇಂಥ ಮನೆಯನ್ನು ಕೊಳ್ಳಲು ಜೀವಮಾನದ ಉಳಿತಾಯ ಸುರಿಯುವುದು ಅಪಾಯ.

ನಮ್ಮ ಕರ್ತವ್ಯ

ದೇವಾಲಯದ ತೆರಿಗೆ ಕೇಳಿ ಬಂದವರಿಗೆ ಪ್ರಭು ಯೇಸು, ತಾನು ಅದರಿಂದ ಮುಕ್ತನೆಂದು ತಿಳಿದಿದ್ದೂ, ಪೇತ್ರನ ಮೂಲಕ ತೆರಿಗೆ ಕೊಡಿಸಿದ್ದನ್ನು ಸಂತ ಮತ್ತಾಯನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಕಾಣುತ್ತೇವೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ನ್ಯಾಯವಾದ ತೆರಿಗೆಯನ್ನು ಮೋಸದಿಂದ ತಪ್ಪಿಸಿಕೊಳ್ಳುವವರನ್ನು ಸ್ಪಷ್ಟವಾಗಿ ಖಂಡಿಸಿತು. ಹಾಗೆಂದು ಕಾನೂನು ಕೊಟ್ಟ ರಿಯಾಯಿತಿಯನ್ನು ಕೇಳಿ ಪಡೆಯುವುದು ಮೋಸವಲ್ಲ, ಅದು ಹಕ್ಕು. ಬಾಡಿಗೆ ಮನೆಯನ್ನು ಸ್ವಂತ ವಾಸದ್ದೆಂದು, ಮೂರು ಕೋಣೆಯನ್ನು ಎರಡೆಂದು ಬರೆಸುವುದು ಮೋಸ. ಊರಿನ ಬೀದಿ ದೀಪ, ಕುಡಿಯುವ ನೀರು, ಚರಂಡಿ ಇದೇ ಹಣದಿಂದ ನಡೆಯಬೇಕು.

ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಈ ತಿಂಗಳಲ್ಲಿ ಒಂದು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಇದಕ್ಕಾಗಿ ಮೀಸಲಿಡಲಿ ಎಂದು ಕೋರುತ್ತೇವೆ. ಓದು ಬರಹ ಬಲ್ಲ ಇಬ್ಬರು ಯುವಕರು ಕುಳಿತು ವಿಧವೆಯರ, ವೃದ್ಧರ ರಸೀದಿ ನೋಡಿ ಅರ್ಜಿ ಬರೆದುಕೊಟ್ಟರೆ ಅದೂ ಒಂದು ಪ್ರೇಷಿತ ಸೇವೆಯೇ.