ವಿಜ್ಞಾನಿಯ ಕೆಲಸವನ್ನು ತೂಗುವುದು ಹೇಗೆ?

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವ ಮುನ್ನ ವಹಿ, ಪುಸ್ತಕಗಳನ್ನು ಕೊಳ್ಳಲು ನಾವು ನವಿ ಪೇಠೆಗೆ ಹೋಗುತ್ತೇವೆ. ಅಲ್ಲಿ ಸಾಲುಸಾಲಾಗಿ ಅಂಗಡಿಗಳು. ಯಾವ ಅಂಗಡಿಯ ಮಾಲು ಒಳ್ಳೆಯದು? ಅಂಗಡಿಯ ಫಲಕವನ್ನು ನೋಡಿ ಯಾರೂ ನಿರ್ಣಯಿಸುವುದಿಲ್ಲ. ಹಿಂದೆ ಕೊಂಡವರನ್ನು ಕೇಳುತ್ತೇವೆ. ಹತ್ತು ಜನ ಒಂದೇ ಅಂಗಡಿಯ ಹೆಸರು ಹೇಳಿದರೆ ಅಲ್ಲಿಗೆ ಹೆಜ್ಜೆ ಹಾಕುತ್ತೇವೆ. ವಿಜ್ಞಾನಿಗಳ ಕೆಲಸವನ್ನು ತೂಗುವ ರೀತಿಯೂ ಹೆಚ್ಚುಕಡಿಮೆ ಇಂಥದೇ ಎಂದರೆ ವಾಚಕ ಮಿತ್ರರಿಗೆ ಆಶ್ಚರ್ಯವಾಗಬಹುದು.

ವಿಜ್ಞಾನಿಯೊಬ್ಬನು ಹೊಸ ಸಂಗತಿಯನ್ನು ಕಂಡುಹಿಡಿದಾಗ ಅದನ್ನು ಸಂಶೋಧನ ಲೇಖನವಾಗಿ ಬರೆದು ಪ್ರಕಟಿಸುತ್ತಾನೆ. ತಾನು ಯಾರ ಯಾರ ಹಿಂದಿನ ಲೇಖನಗಳಿಂದ ಸಹಾಯ ಪಡೆದೆನೆಂಬುದನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾನೆ. ಇದಕ್ಕೆ ಉಲ್ಲೇಖವೆಂದು ಹೆಸರು. ಒಂದು ಲೇಖನವನ್ನು ಮುಂದೆ ನೂರು ಜನ ಉಲ್ಲೇಖಿಸಿದರೆ, ಅದು ನೂರು ಜನರ ಕೆಲಸಕ್ಕೆ ಬಂತೆಂದು ತಿಳಿಯಬಹುದು. ಈ ಉಲ್ಲೇಖಗಳನ್ನೆಲ್ಲ ಒಂದೆಡೆ ಕೂಡಿಸಿ ಸೂಚಿಯಾಗಿ ಮಾಡಬೇಕೆಂದು 1955ರಲ್ಲಿ ಅಮೇರಿಕೆಯ ಯುಜೀನ್ ಗಾರ್ಫೀಲ್ಡ್ ಎಂಬವರು ಸೂಚಿಸಿದರು. 1960ರ ದಶಕದಲ್ಲಿ ಅಂಥ ಸೂಚಿ ಪ್ರಕಟವಾಗತೊಡಗಿತು. ಇಂದು ಆ ಕೆಲಸವನ್ನು ಕಂಪ್ಯೂಟರುಗಳು ಕ್ಷಣಮಾತ್ರದಲ್ಲಿ ಮಾಡುತ್ತವೆ.

2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಒಂದು ಸರಳ ಲೆಕ್ಕವನ್ನು ಹೇಳಿದರು. ಅದೇ ಎಚ್-ಸೂಚ್ಯಂಕ. ಒಬ್ಬ ವಿಜ್ಞಾನಿಯು ಐದು ಲೇಖನಗಳನ್ನು ಬರೆದಿದ್ದಾನೆ, ಅವುಗಳಿಗೆ ಕ್ರಮವಾಗಿ 12, 7, 5, 4, 1 ಉಲ್ಲೇಖಗಳು ಬಂದಿವೆ ಎಂದು ತಿಳಿಯೋಣ. ಕನಿಷ್ಠ ನಾಲ್ಕು ಉಲ್ಲೇಖಗಳುಳ್ಳ ಲೇಖನಗಳು ನಾಲ್ಕು ಇವೆ. ಕನಿಷ್ಠ ಐದು ಉಲ್ಲೇಖಗಳುಳ್ಳ ಲೇಖನಗಳು ಐದು ಇಲ್ಲ. ಆದ್ದರಿಂದ ಅವನ ಸೂಚ್ಯಂಕ 4. ಹಾಗಾದರೆ ಸೂಚ್ಯಂಕ ನೂರಾಗಬೇಕಾದರೆ ನೂರು ಲೇಖನಗಳಿರಬೇಕು, ಪ್ರತಿಯೊಂದಕ್ಕೂ ನೂರಕ್ಕೆ ಕಡಿಮೆಯಿಲ್ಲದಂತೆ ಉಲ್ಲೇಖಗಳಿರಬೇಕು!

ನಮ್ಮ ಕನ್ನಡ ನಾಡಿನ ಸಿ. ಎನ್. ಆರ್. ರಾವ್ ಅವರು ಈ ಎತ್ತರವನ್ನು ಮುಟ್ಟಿದರೆಂದು 2013ರಲ್ಲಿ ಪತ್ರಿಕೆಗಳು ಬರೆದವು. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಕಾಶಿಯಲ್ಲಿಯೂ ಮುಂದೆ ಅಮೇರಿಕೆಯಲ್ಲಿಯೂ ಓದಿದರು. ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಶಿಷ್ಯರೊಡನೆ, ದೇಶವಿದೇಶಗಳ ಸಹೋದ್ಯೋಗಿಗಳೊಡನೆ ಇವರು ಬರೆದ ಲೇಖನಗಳು ಸಾವಿರವನ್ನು ಮೀರಿವೆ. 2014ರಲ್ಲಿ ಇವರಿಗೆ ಭಾರತರತ್ನ ಪ್ರದಾನವಾಯಿತು.

ಆದರೆ ಈ ತಕ್ಕಡಿಯಲ್ಲಿ ದೋಷಗಳಿಲ್ಲವೇ? ಇವೆ. ಅಂಗಡಿಯವನ ಭಾವಮೈದುನನೇ ಅಂಗಡಿಯನ್ನು ಹೊಗಳಿದರೆ ಆ ಮಾತಿಗೆ ಬೆಲೆಯೆಷ್ಟು? ಹಾಗೆಯೇ ತನ್ನ ಲೇಖನವನ್ನು ತಾನೇ ಮತ್ತೆ ಮತ್ತೆ ಉಲ್ಲೇಖಿಸಿಕೊಳ್ಳುವವರಿದ್ದಾರೆ; ನೀನು ನನ್ನನ್ನು, ನಾನು ನಿನ್ನನ್ನು ಎಂದು ಒಪ್ಪಂದ ಮಾಡಿಕೊಳ್ಳುವವರೂ ಇದ್ದಾರೆ. ವೈದ್ಯಶಾಸ್ತ್ರದಲ್ಲಿ ಬರೆಯುವವರು ಬಹಳ, ಆದ್ದರಿಂದ ಉಲ್ಲೇಖಗಳೂ ಬಹಳ. ಗಣಿತದಲ್ಲಿ ಎರಡೂ ಕಡಿಮೆ. ಈ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇದಲ್ಲದೆ, ಇಂಥ ಸೂಚಿಗಳಲ್ಲಿ ಇಂಗ್ಲಿಷ್ ಪತ್ರಿಕೆಗಳೇ ಹೆಚ್ಚು. ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಬರೆದ ಉತ್ತಮ ಲೇಖನವು ಅವುಗಳ ಕಣ್ಣಿಗೆ ಬೀಳುವುದು ವಿರಳ.

ಸಹಕಾರದ ಲೆಕ್ಕವೂ ಸುಲಭವಲ್ಲ. ನಮ್ಮ ಸೊಲ್ಲಾಪುರದ ಚಾದರವನ್ನೇ ನೋಡಿರಿ. ನೂಲಿಗೆ ಬಣ್ಣ ಕೊಡುವವರು ಒಬ್ಬರು, ಹಾಸು ಸಿದ್ಧಪಡಿಸುವವರು ಇನ್ನೊಬ್ಬರು, ಮಗ್ಗ ನಡೆಸುವವರು ಮತ್ತೊಬ್ಬರು. ಚಾದರ ಯಾರದು? 1928ರಲ್ಲಿ ಸರ್ ಸಿ. ವಿ. ರಾಮನ್ ತಮ್ಮ ಶೋಧವನ್ನು ಸಾರಿದ ಮೊದಲ ಲೇಖನದಲ್ಲಿ ಕೆ. ಎಸ್. ಕೃಷ್ಣನ್ ಅವರ ಹೆಸರೂ ಇತ್ತು. ಆದರೆ 1930ರ ನೊಬೆಲ್ ಪಾರಿತೋಷಕ ಬಂದುದು ರಾಮನ್ ಅವರೊಬ್ಬರಿಗೆ. 2015ರಲ್ಲಿ ಹಿಗ್ಸ್ ಕಣದ ಬಗ್ಗೆ ಪ್ರಕಟವಾದ ಒಂದು ಲೇಖನಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರು! ಅದರಲ್ಲಿ ಯಾರ ಪಾಲು ಎಷ್ಟೆಂದು ಯಾವ ಸೂಚ್ಯಂಕ ಹೇಳೀತು?

ಇನ್ನು ನಮ್ಮ ಮಹಾರಾಷ್ಟ್ರದ ದತ್ತಾತ್ರೇಯ ಕಾಪ್ರೇಕರ್ ಅವರ ಮಾತು. ಇವರು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. 1949ರಲ್ಲಿ ಇವರು 6174 ಎಂಬ ಸಂಖ್ಯೆಯ ವೈಚಿತ್ರ್ಯವನ್ನು ಕಂಡುಹಿಡಿದರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಳ್ಳಿರಿ, 3524 ಎನ್ನೋಣ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ: 5432 − 2345 = 3087. ಮತ್ತೆ 8730 − 0378 = 8352. ಮತ್ತೆ 8532 − 2358 = 6174. ಮುಂದೆ ಎಷ್ಟು ಸಲ ಕಳೆದರೂ 6174ಏ ಬರುತ್ತದೆ. ಹೆಚ್ಚೆಂದರೆ ಏಳು ಸಲದೊಳಗೆ ಈ ಸಂಖ್ಯೆಯನ್ನು ತಲುಪಲೇಬೇಕು. ಅನೇಕ ಗಣಿತಜ್ಞರು ಇವರ ಕೆಲಸವನ್ನು ಆಟವೆಂದು ಬದಿಗಿಟ್ಟರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೇರಿಕೆಯ ಮಾಸಿಕವೊಂದರಲ್ಲಿ ಬರೆದ ಮೇಲೆಯೇ ಜಗತ್ತು ಇವರನ್ನು ಅರಿಯಿತು. ಅಂದರೆ ಇಪ್ಪತ್ತಾರು ವರ್ಷಗಳ ಅನಂತರ! ನಡುವಿನ ಯಾವುದೋ ಒಂದು ವರ್ಷ ಉಲ್ಲೇಖಗಳನ್ನು ಎಣಿಸಿ ತೀರ್ಪು ಕೊಟ್ಟಿದ್ದರೆ ಆ ತೀರ್ಪು ಏನಾಗುತ್ತಿತ್ತು?

ಇದು ಬರಿಯ ಚರ್ಚೆಯ ಮಾತಲ್ಲ. ಇಂಥ ಸಂಖ್ಯೆಗಳನ್ನು ನೋಡಿ ನೌಕರಿ, ಬಡತಿ, ಸಂಶೋಧನೆಗೆ ಹಣ ಕೊಡುವ ರೂಢಿ ಬೆಳೆದಿದೆ. ಉಲ್ಲೇಖ ಬೇಗ ಬರುವ ವಿಷಯವನ್ನೇ ಹಿಡಿಯಬೇಕೆಂಬ ಆಸೆಯಿಂದ ತರುಣರು ಕಠಿಣ ಪ್ರಶ್ನೆಗಳನ್ನು ಬಿಟ್ಟರೆ ನಷ್ಟ ವಿಜ್ಞಾನಕ್ಕೆ. ಸಂಖ್ಯೆ ಬೇಡವೆಂದು ನಾವು ಹೇಳುವುದಿಲ್ಲ. ಅದು ದಾರಿ ತೋರುವ ಕಲ್ಲು. ಊರು ಅದರ ಆಚೆ ಇದೆ. ಲೇಖನವನ್ನು ಓದಿಯೇ ಅದರ ಬೆಲೆ ಕಟ್ಟಬೇಕು.

ಎಸ್. ಎಸ್. ಸಿ. ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ನಮಗೂ ಇದರಲ್ಲಿ ಒಂದು ಪಾಠವಿದೆ. ನಮ್ಮ ಕಡೆ ಮಾರ್ಕುಗಳಿಗೂ ಗುಣಗಳೆಂದೇ ಅನ್ನುತ್ತೇವೆ. ಹೆಚ್ಚು ಗುಣಗಳನ್ನು ಗಳಿಸಲು ಶ್ರಮಿಸೋಣ. ಆದರೆ ಕಡಿಮೆ ಬಂದ ಗೆಳೆಯನನ್ನು ಗುಣಹೀನನೆಂದು ತಿಳಿಯದಿರೋಣ. ಅವನ ವಹಿಯ ಹಿಂದಿನ ಪುಟದಲ್ಲಿ ಇನ್ನೊಂದು 6174 ಅಡಗಿರಬಹುದು!